ಹಡಗು ಹತ್ತುವ ಮುಂಚೆ ಚಪ್ಪಲಿ ತಿರುಗಿಸಿ ನೋಡಿ

ಮಂಡ್ಯದ ಪೇಟೆ ಬೀದಿಯಲ್ಲಿ ನಮ್ಮದೊಂದು ಚಪ್ಪಲಿ ಅಂಗಡಿ. ಶುರು ಮಾಡಿದ್ದು ನಮ್ಮ ಮಾವ, ಈಗ ಗಲ್ಲಾದಲ್ಲಿ ಕೂರುವವಳು ನಾನು. ಮದುವೆಗೆ, ಸ್ಕೂಲಿಗೆ, ಗದ್ದೆ ಕೆಲಸಕ್ಕೆ ಅಂತ ಕೇಳಿಕೊಂಡು ಬರುವವರ ಮಧ್ಯೆ ಈಗೀಗ ಇನ್ನೊಂದು ಥರದ ಗಿರಾಕಿ ಸೇರಿಕೊಂಡಿದ್ದಾರೆ. "ಅಕ್ಕಾ, ಕ್ರೂಸ್‌ಗೆ ಹೊಂಟಿದ್ದೀವಿ. ಕಾಲಿಗೆ ಏನ್ ಹಾಕ್ಕೊಂಡೋಗ್ಬೇಕು?" ರಿಟೈರಾದ ಮೇಷ್ಟ್ರು, ಎಲ್‌ಐಸಿ ಏಜೆಂಟರು, ಮಕ್ಕಳು ಟಿಕೆಟ್ ಮಾಡಿಸಿಕೊಟ್ಟ ಅಪ್ಪ ಅಮ್ಮಂದಿರು. ನಾನೂ ಯಜಮಾನರು ಮತ್ತು ಅತ್ತೆ ಜೊತೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿ ಬಂದಿದ್ದೇನೆ. ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂರಿಸಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ಜೊತೆ ಸಾಕು. ಒಂದು ಕಾಲಲ್ಲಿ, ಎರಡು ಬ್ಯಾಗಲ್ಲಿ. ಮಾರುವವಳೇ ಹೀಗಂದರೆ ವ್ಯಾಪಾರ ಹೆಂಗೆ ಅಂತ ಯಜಮಾನರು ಗೊಣಗುತ್ತಾರೆ, ಗೊಣಗಲಿ. ವಿದೇಶದ ಕ್ರೂಸ್ ಹಡಗುಗಳು ನಮ್ಮ ಮಂಗಳೂರಿನ ಪಣಂಬೂರಿಗೇ ಬಂದು ನಿಲ್ಲುತ್ತವೆ, ಆದರೆ ಹಡಗು ಹತ್ತಬೇಕು ಅಂದರೆ ನಾವು ಹೆಚ್ಚಾಗಿ ಮುಂಬೈಗೋ ಚೆನ್ನೈಗೋ ಹೋಗಬೇಕು. ಅಂದರೆ ಹೆಚ್ಚಿನವರಿಗೆ ಮಧ್ಯದಲ್ಲಿ ಒಂದು ವಿಮಾನ ಇದ್ದೇ ಇರುತ್ತದೆ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಚೆಕ್-ಇನ್ ಬ್ಯಾಗಿಗೆ 15 ಕೆ.ಜಿ., ಕೈಯಲ್ಲಿರುವ ಬ್ಯಾಗಿಗೆ 7 ಕೆ.ಜಿ. ಗಂಡಸರ ಒಂದು ಜೊತೆ ಲೆದರ್ ಶೂ ತಕ್ಕಡಿಗೆ ಹಾಕಿದರೆ ಹತ್ತಿರ ಹತ್ತಿರ ಒಂದು ಕೆ.ಜಿ. ಬರುತ್ತದೆ. ಐದು ಜೊತೆ ತುಂಬಿಕೊಂಡರೆ ರೇಷ್ಮೆ ಸೀರೆಗೆ ಜಾಗ ಎಲ್ಲಿ? ಹಡಗಿನ ರೂಮೂ ಚಿಕ್ಕದು. ಮಂಚದ ಪಕ್ಕ ಇಬ್ಬರು ಎದುರುಬದುರಾದರೆ ಒಬ್ಬರು ಮಂಚದ ಮೇಲೆ ಕೂರಬೇಕು. ಅಲ್ಲಿ ಚಪ್ಪಲಿ ರಾಶಿ ಹಾಕಿಕೊಂಡರೆ ರಾತ್ರಿ ಎದ್ದಾಗ ಎಡವುವುದು ಗ್ಯಾರಂಟಿ.

ಮೊದಲು ಅಡಿ ನೋಡಿ

ಹಡಗು ಅಂದರೆ ನೀರಿನ ಮೇಲಿನ ದೊಡ್ಡ ಹೋಟೆಲ್ ಅಂತ ಟಿಕೆಟ್ ಮಾರುವವರು ಹೇಳುತ್ತಾರೆ. ಊಟ, ಹಾಸಿಗೆ ವಿಷಯದಲ್ಲಿ ಸರಿ. ನೆಲದ ವಿಷಯದಲ್ಲಿ ಅಲ್ಲ. ರೂಮಿನ ಹೊರಗಿನ ಓಣಿಯಲ್ಲಿ ಕಾರ್ಪೆಟ್. ಮೇಲಿನ ಡೆಕ್ಕಿಗೆ, ಅಂದರೆ ಹಡಗಿನ ತೆರೆದ ಅಂಗಳಕ್ಕೆ ಹೋದರೆ ಮರದ ಹಲಗೆಯೋ ಬಣ್ಣ ಬಳಿದ ಉಕ್ಕೋ ಇರುತ್ತದೆ, ಅದರ ಮೇಲೆ ಉಪ್ಪುಗಾಳಿಯ ಪಸೆ. ಈಜುಕೊಳದ ಸುತ್ತ ಯಾವಾಗಲೂ ಒದ್ದೆ. ಬಾತ್‌ರೂಮಿಗೆ ಹೋಗಲು ಕಾಲೆತ್ತಿ ಹೊಸಿಲು ದಾಟಬೇಕು. ಇಷ್ಟೂ ಸಾಲದು ಅಂತ ನೆಲವೇ ಆಗಾಗ ಸ್ವಲ್ಪ ವಾಲುತ್ತದೆ. ಮಳೆ ನಿಂತ ಮೇಲೆ ಗದ್ದೆ ಬದುವಿನ ಮೇಲೆ ಬುತ್ತಿ ಹೊತ್ತು ನಡೆದವರಿಗೆ ಈ ನಡಿಗೆ ಹೊಸದಲ್ಲ, ಉಳಿದವರು ಅರ್ಧ ದಿನದಲ್ಲಿ ಕಲಿಯುತ್ತಾರೆ.

ಗಿರಾಕಿ ಬಂದ ತಕ್ಷಣ ನೋಡುವುದು ಶೂವಿನ ಮೇಲ್ಭಾಗವನ್ನು. ಬಣ್ಣ, ಹೊಳಪು, ಕಂಪನಿ ಹೆಸರು. ನಾನು ಜೋಡನ್ನು ತಲೆಕೆಳಗು ಮಾಡಿ ಕೈಗೆ ಕೊಡುತ್ತೇನೆ. ಹೆಬ್ಬೆರಳಿನ ಉಗುರಿಂದ ಸೋಲ್ ಒತ್ತಿ ನೋಡಿ. ಸ್ವಲ್ಪ ಒಳಗೆ ಹೋಗಿ ಮತ್ತೆ ಮೇಲೆ ಬಂದರೆ ಒಳ್ಳೆಯ ಲಕ್ಷಣ. ಉಗುರು ಸರ್ರನೆ ಜಾರಿದರೆ ಅದು ಗಟ್ಟಿ ಪ್ಲಾಸ್ಟಿಕ್ ಜಾತಿ, ಒದ್ದೆ ನೆಲದಲ್ಲಿ ನಂಬುವ ಹಾಗಿಲ್ಲ. ಬರೀ ಲೆದರ್ ಅಟ್ಟೆಯ ಶೂ ಇನ್ನೂ ಕಷ್ಟ. ಆಮೇಲೆ ಗೆರೆ ನೋಡಿ. ದೊಡ್ಡ ದೊಡ್ಡ ಹಲ್ಲಿನ ಸೋಲ್ ಮಣ್ಣಿಗೆ ಚೆನ್ನ. ಒದ್ದೆ ಹಲಗೆಗೆ ಬೇಕಾದದ್ದು ಹತ್ತಿರ ಹತ್ತಿರ ಇರುವ ಸಣ್ಣ ಗೀರುಗಳು. 1935ರಲ್ಲಿ ಅಮೆರಿಕದ ಪಾಲ್ ಸ್ಪೆರಿ ಅನ್ನುವವನು ತನ್ನ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ನೋಡಿ, ಅದರ ಅಂಗಾಲಿನ ಗೆರೆಗಳ ಹಾಗೇ ರಬ್ಬರ್ ಸೋಲಿಗೆ ಗೀರು ಹಾಕಿದ. ಬೋಟ್ ಶೂ ಅಂತ ಇವತ್ತು ಮಾರುವುದು ಆ ಲೆಕ್ಕಾಚಾರದ್ದೇ. ನೀವು ಬೋಟ್ ಶೂವನ್ನೇ ಕೊಳ್ಳಬೇಕಿಲ್ಲ, ಆ ಗೀರು ಇದ್ದರೆ ಸಾಕು.

ಮನೆಯಲ್ಲಿರುವ ಹಳೇ ಜೋಡನ್ನೇ ತೆಗೆದುಕೊಂಡು ಹೋಗುತ್ತೀರಾ? ತುಂಬಾ ಒಳ್ಳೆಯದು. ಆದರೆ ಹಿತ್ತಲಲ್ಲಿ ಒಂದು ಪರೀಕ್ಷೆ ಮಾಡಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಚೊಂಬು ನೀರು ಹುಯ್ಯಿರಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಸವರಿ. ಈಗ ಶೂವನ್ನು ಕೈಗೆ ಹಾಕಿಕೊಂಡು, ಮೈಭಾರ ಬಿಟ್ಟು ಒತ್ತಿ, ಮುಂದಕ್ಕೆ ತಳ್ಳಿ. ಕಾಲಿಗೆ ಹಾಕಿಕೊಂಡು ಈ ಪ್ರಯೋಗ ಮಾಡಬೇಡಿ, ಸೊಂಟ ಮುರಿದರೆ ಹಡಗೂ ಇಲ್ಲ ಏನೂ ಇಲ್ಲ. ತಡೆದು ತಡೆದು ಕಿರ್ರ್ ಅಂತ ಸದ್ದು ಮಾಡಿಕೊಂಡು ಹೋದರೆ ಪಾಸು. ಸಲೀಸಾಗಿ ಜಾರಿದರೆ ಮನೆಯಲ್ಲೇ ಇರಲಿ. ಹಿಮ್ಮಡಿಯ ಹೊರಮೂಲೆ ಸವೆದು ನುಣ್ಣಗಾಗಿದ್ದರೆ ಪರೀಕ್ಷೆಯೂ ಬೇಡ, ಫೇಲೇ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಬೀರುವಿನ ಮೇಲೆ ಡಬ್ಬದಲ್ಲಿ ಜೋಪಾನವಾಗಿ ಇಟ್ಟ ಶೂವನ್ನು ನಂಬಬೇಡಿ. ರಿಟೈರಾದ ಮೇಷ್ಟ್ರೊಬ್ಬರು ಮಗಳ ಮದುವೆಗೆ ತೆಗೆದುಕೊಂಡಿದ್ದ ಕರೀ ಶೂ ಹಿಡಿದುಕೊಂಡು ಬಂದರು. "ಎರಡೇ ಸಲ ಹಾಕಿರೋದು ಕಣಮ್ಮ, ಹೊಸದೇ ಐತೆ. ಪಾಲಿಶ್ ಮಾಡಿಸಿದ್ರೆ ಆಯ್ತಲ್ವಾ?" ಮೇಲೆ ನೋಡಿದರೆ ನಿಜವಾಗಲೂ ಹೊಸದೇ. ಬೆರಳಿನ ಹತ್ತಿರ ಮಡಚಿದೆ. ಸೋಲಿನಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟಿತು. ಇನ್ನೊಂದು ಸಲ ಮಡಚಿದೆ, ಹಿಮ್ಮಡಿ ತುಂಡು ಪುಡಿಪುಡಿಯಾಗಿ ನನ್ನ ಮಡಿಲಿಗೆ ಉದುರಿತು. ಮೇಷ್ಟ್ರ ಮುಖ ನೋಡಬೇಕಿತ್ತು. ಪಿಯು ಸೋಲ್, ಅಂದರೆ ಪಾಲಿಯುರಿಥೇನ್, ಗಾಳಿಯ ತೇವ ಹೀರಿಕೊಂಡು ಒಳಗೊಳಗೇ ಸಾಯುತ್ತದೆ. ಹಾಕದೆ ಇಟ್ಟರೂ ಕೆಡುತ್ತದೆ. ಇಂಥದ್ದು ಹಡಗಿನ ಊಟದ ಹಾಲಿನಲ್ಲಿ ಬಿಚ್ಚಿಕೊಂಡರೆ ರಿಪೇರಿ ಮಾಡುವವರು ಅಲ್ಲಿ ಸಿಗುವುದಿಲ್ಲ. ಅದಕ್ಕೇ ಹೊರಡುವ ಎರಡು ಮೂರು ವಾರ ಮುಂಚೆಯೇ ಎಲ್ಲ ಜೋಡನ್ನೂ ಕೆಳಗಿಳಿಸಿ ಮಡಚಿ ನೋಡಿ. ಅಂಟು ಬಿಟ್ಟಿದ್ದರೆ ಬರೀ ಪೇಸ್ಟಿಂಗ್ ಮಾಡಿಸಿ ಸುಮ್ಮನಾಗಬೇಡಿ, ಸುತ್ತ ಹೊಲಿಗೆ ಹಾಕಿಸಿ.

ಕಾಲಲ್ಲಿ ಹೋಗುವ ಜೊತೆ

ಎಲ್ಲಕ್ಕಿಂತ ಭಾರದ್ದನ್ನು ಕಾಲಿಗೇ ಹಾಕಿಕೊಂಡು ಹೋಗಿ. ಸಾಮಾನ್ಯವಾಗಿ ಇದು ಸ್ಪೋರ್ಟ್ಸ್ ಶೂ. ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿದರೆ ನಗುತ್ತಾರೆ ಅಂತ ಕೇಳುವ ಅಕ್ಕಂದಿರಿದ್ದಾರೆ. ಬಂದರಿನ ಕ್ಯೂನಲ್ಲಿ ಯಾರೂ ನಿಮ್ಮ ಕಾಲು ನೋಡುವುದಿಲ್ಲ, ಅವರವರ ಕಾಲು ನೋವೇ ಅವರಿಗೆ ಸಾಕಾಗಿರುತ್ತದೆ. ಏರ್‌ಪೋರ್ಟ್, ಟ್ಯಾಕ್ಸಿ, ಕ್ಯೂ, ಚೆಕಿಂಗ್, ಮತ್ತೆ ಕ್ಯೂ. ಕೆಲವು ಫಾರ್ಮಲ್ ಶೂಗಳ ನಡುವೆ ಉಕ್ಕಿನ ಪಟ್ಟಿ ಇರುತ್ತದೆ, ಮೆಟಲ್ ಡಿಟೆಕ್ಟರ್ ಕೂಗುತ್ತದೆ, ಬಿಚ್ಚಿ ಅನ್ನುತ್ತಾರೆ. ಅದೂ ಒಂದು ಕಾರಣ ಅದನ್ನು ಬ್ಯಾಗಲ್ಲಿ ಹಾಕಲು.

ಹಡಗು ಹತ್ತಿದ ದಿನವೇ ಒಂದು ಡ್ರಿಲ್ ಇರುತ್ತದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೆಂಗೆ ಹಾಕಿಕೊಳ್ಳಬೇಕು ಅಂತ ತೋರಿಸುತ್ತಾರೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹಡಗಿನ ಸುರಕ್ಷತೆಗೆ ಅಂತಲೇ ದೇಶ ದೇಶಗಳ ಒಪ್ಪಂದ ಆಯಿತು. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿಕೊಂಡಾಗ, ಅವತ್ತೇ ಹತ್ತಿದ್ದ ನೂರಾರು ಜನಕ್ಕೆ ಇನ್ನೂ ಡ್ರಿಲ್ಲೇ ಆಗಿರಲಿಲ್ಲ. 2015ರ ಜನವರಿಯಿಂದ ನಿಯಮ ಬಿಗಿಯಾಯಿತು, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಮುಗಿಸಬೇಕು. ಈ ಡ್ರಿಲ್ಲಿಗೆ ಹವಾಯಿ ಎಳೆದುಕೊಂಡು ಹೋಗಬೇಡಿ. ಮೆಟ್ಟಿಲು ಹತ್ತಿ ಇಳಿಯಬೇಕು, ಜನ ನುಗ್ಗುತ್ತಿರುತ್ತಾರೆ. ಹಾಗೇ ರಾತ್ರಿ ಮಲಗುವಾಗ ಈ ಶೂವನ್ನು ಮಂಚದ ಪಕ್ಕ, ಮೂತಿ ಬಾಗಿಲ ಕಡೆಗೆ ಮಾಡಿ ಇಡಿ. ನಮ್ಮತ್ತೆ ಇದಕ್ಕೆ "ಅಪಶಕುನ ನುಡೀಬೇಡ" ಅಂದರು. ಇಟ್ಟುಕೊಂಡರು ಮಾತ್ರ.

ಜಿಮ್ಮಿಗೂ ಮುಂದೆ ಮುಚ್ಚಿದ ಶೂವೇ ಬೇಕು. ಗೋವಾದಲ್ಲಿ ಇಳಿದು ಹಳೇ ಚರ್ಚು, ಅಗುವಾದ ಕೋಟೆ ಅಂತ ಸುತ್ತುವವರಿಗೂ ಇದೇ. ಅಲ್ಲಿನ ಜಂಬಿಟ್ಟಿಗೆ ಕಲ್ಲಿನ ನೆಲ ಎತ್ತರ ತಗ್ಗು.

ನೀರಿಗಿಳಿಯುವ ಜೊತೆ

ಲಕ್ಷದ್ವೀಪದ ಕಡೆ ಹೋಗುವವರು ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಅಲ್ಲಿ ದೊಡ್ಡ ಹಡಗು ದಡಕ್ಕೆ ಬಂದು ನಿಲ್ಲುವುದಿಲ್ಲ, ಆಳ ಸಾಲದು. ದೂರದಲ್ಲಿ ಲಂಗರು ಹಾಕುತ್ತದೆ, ನಮ್ಮನ್ನು ಸಣ್ಣ ದೋಣಿಗೆ ಇಳಿಸಿ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ. ದೋಣಿ ಏಳುತ್ತದೆ ಇಳಿಯುತ್ತದೆ, ಹಡಗು ಸುಮ್ಮನಿರುತ್ತದೆ. ಎರಡೂ ಒಂದೇ ಮಟ್ಟಕ್ಕೆ ಬಂದ ಗಳಿಗೆಯಲ್ಲಿ ಕಾಲಿಡಬೇಕು. ಸಿಬ್ಬಂದಿ ರಟ್ಟೆ ಹಿಡಿದು "ಈಗ" ಅನ್ನುತ್ತಾರೆ, ಆಗ ಯೋಚನೆ ಮಾಡುತ್ತಾ ನಿಲ್ಲಬಾರದು. ನಮ್ಮ ಮುಂದೆ ಇದ್ದ ಒಬ್ಬರದು ಉಂಗುಷ್ಟದ ಚಪ್ಪಲಿ. ಕಾಲು ದೋಣಿಗೆ ಬಂತು, ಚಪ್ಪಲಿ ಸಮುದ್ರಕ್ಕೆ ಹೋಯಿತು. ನೀಲಿ ನೀರಿನ ಮೇಲೆ ಅದು ತೇಲಿಕೊಂಡು ಹೋಗುವುದನ್ನು ಇಡೀ ದೋಣಿ ನೋಡಿತು.

ಆದ್ದರಿಂದ ಹಿಮ್ಮಡಿಗೆ ಪಟ್ಟಿ ಇರಲೇಬೇಕು. ನಮ್ಮ ಕಡೆ ಫ್ಲೋಟರ್ಸ್ ಅಂತ ಕೇಳಿ ತೆಗೆದುಕೊಳ್ಳುವುದು ಇದನ್ನೇ. ಬಟ್ಟೆಯ ಪಟ್ಟಿ, ರಬ್ಬರ್ ಸೋಲ್, ವೆಲ್ಕ್ರೋ. ಹತ್ತಿ ಬಟ್ಟೆಯ ಪಟ್ಟಿ ಬೇಡ, ಬೇಗ ಒಣಗುವ ನೈಲಾನ್ ಥರದ್ದು ಇರಲಿ. ವೆಲ್ಕ್ರೋವನ್ನು ಅಂಗಡಿಯಲ್ಲೇ ನಾಕೈದು ಸಲ ಕಿತ್ತು ಹಚ್ಚಿ ನೋಡಿ. ಹಳೆಯದಾದರೆ ಅದರೊಳಗೆ ದಾರ, ಕೂದಲು ತುಂಬಿರುತ್ತದೆ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಮತ್ತೆ ಹಿಡಿಯುತ್ತದೆ. ಕ್ರಾಕ್ಸ್ ಥರದ್ದು ಆಗುವುದಿಲ್ಲವಾ ಅಂತ ಕೇಳುತ್ತಾರೆ. ಈಜುಕೊಳದ ಹತ್ತಿರ ಆಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಡೆಯುವಾಗ ಒಳಗೆ ಮರಳು, ಚೂರು ಎಲ್ಲ ತುಂಬಿಕೊಂಡು ಉಜ್ಜುತ್ತದೆ.

ಬರಿಗಾಲಲ್ಲಿ ಇಳಿಯಬೇಡಿ. ದ್ವೀಪದ ಮರಳು ಬೆಳ್ಳಗೆ ಚೆಂದ, ಆದರೆ ಮಧ್ಯೆ ಮಧ್ಯೆ ಹವಳದ ಚೂರು ಇರುತ್ತದೆ. ಅದರ ಗಾಯ ಸಣ್ಣದಾಗಿ ಕಂಡರೂ ಬೇಗ ವಾಸಿಯಾಗುವುದಿಲ್ಲ. ಕಾಲಿಗೆ ಸ್ಯಾಂಡಲ್ ಇದೆ ಅಂತ ಜೀವಂತ ಹವಳದ ಮೇಲೆ ನಿಲ್ಲುವುದೂ ಬೇಡ, ತುಳಿದರೆ ಅದು ಸತ್ತು ಹೋಗುತ್ತದೆ. ಬರೀ ಮರಳಿರುವ ಕಡೆ ಕಾಲಿಡಿ.

ಹಡಗಿಗೆ ವಾಪಸ್ ಬಂದ ಕೂಡಲೇ ಫ್ಲೋಟರ್ಸನ್ನು ಶವರಿನ ಕೆಳಗೆ ಸಿಹಿನೀರಲ್ಲಿ ತೊಳೆಯಿರಿ. ಉಪ್ಪು ಒಣಗಿದರೆ ಪಟ್ಟಿ ಗರಗರ ಆಗಿ ಮಾರನೇ ದಿನ ಚರ್ಮ ತರಚುತ್ತದೆ, ಬಕಲ್ ಇದ್ದರೆ ತುಕ್ಕು.

ಸಾಯಂಕಾಲದ ಜೊತೆ

ರಾತ್ರಿ ಊಟದ ದೊಡ್ಡ ಹಾಲಿಗೆ ಹವಾಯಿ ಚಪ್ಪಲಿ ಬೇಡ ಅನ್ನುವ ಹಡಗುಗಳೇ ಜಾಸ್ತಿ. ಬಫೆಯಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ, ಆದರೂ ಬರಿಗಾಲಲ್ಲಿ ಹೋಗುವ ಹಾಗಿಲ್ಲ. ಗಂಡಸರಿಗೆ ಒಂದು ಜೊತೆ ಕಟ್ ಶೂ ಸಾಕು. ಲೇಸು ಕಟ್ಟುವ ರಗಳೆ ಇಲ್ಲ, ಪ್ಯಾಂಟಿಗೂ ಆಯಿತು, ಪಂಚೆಗೆ ಮಾತ್ರ ಆಗಲ್ಲ. ನಮ್ಮ ಯಜಮಾನರದು ಲಿಡ್ಕರ್ ಕಟ್ ಶೂ, ಅಡಿಗೆ ತೆಳು ರಬ್ಬರ್ ಹಾಕಿಸಿಕೊಂಡಿದ್ದಾರೆ. ಇದು ನಮ್ಮ ಅಂಗಡಿ ಮುಂದೆ ಕೂರುವ ಮೋಚಿಯೂ ಮಾಡಿಕೊಡುವ ಕೆಲಸ, ಅರ್ಧ ಗಂಟೆ ಹಿಡಿಯುತ್ತದೆ.

ಹೆಂಗಸರ ವಿಷಯದಲ್ಲಿ ನಾನು ಸ್ವಲ್ಪ ಜೋರು. ಪೆನ್ಸಿಲ್ ಹೀಲ್ಸ್ ಬೇಡ. ಡೆಕ್ಕಿನ ಹಲಗೆ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಹಡಗು ವಾಲಿದಾಗ ಪಾದ ತಿರುಚುತ್ತದೆ. ಎತ್ತರ ಬೇಕೇ ಬೇಕು ಅನ್ನುವವರು ಅಗಲವಾದ ಬ್ಲಾಕ್ ಹೀಲ್ ತೆಗೆದುಕೊಳ್ಳಿ, ಹಿಂದೆ ಪಟ್ಟಿ ಇರುವಂಥದ್ದು. ಸೀರೆ ಉಡುವಾಗ ಆ ಚಪ್ಪಲಿ ಹಾಕಿಕೊಂಡೇ ನೆರಿಗೆ ಹಿಡಿಯಿರಿ. ಚಪ್ಪಟೆ ಚಪ್ಪಲಿ ಲೆಕ್ಕಕ್ಕೆ ಉಟ್ಟು ಆಮೇಲೆ ಹೀಲ್ಸ್ ಹಾಕಿದರೆ ಕಣಕಾಲು ಕಾಣುತ್ತದೆ. ಹೀಲ್ಸ್ ಲೆಕ್ಕಕ್ಕೆ ಉಟ್ಟು ಚಪ್ಪಟೆ ಹಾಕಿದರೆ ಅಂಚು ಕಾಲಿಗೆ ಸಿಕ್ಕಿ ಮೆಟ್ಟಿಲಲ್ಲಿ ಬೀಳುತ್ತೀರಿ.

ಕೊಲ್ಹಾಪುರಿ ಬಗ್ಗೆ ಕೇಳದವರೇ ಇಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಲ್ಲೂ ಅದನ್ನು ಮಾಡುತ್ತಾರೆ, 2019ರಲ್ಲಿ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ಇವಕ್ಕೂ ಜಿಐ, ಅಂದರೆ ಆ ಊರಿನದೇ ಸರಕು ಅನ್ನುವ ಗುರುತು ಸಿಕ್ಕಿದೆ. ನನಗೂ ಅದು ಇಷ್ಟ. ಆದರೆ ಲೆದರ್ ಅಟ್ಟೆ, ನೀರು ಸೋಕಿದರೆ ಸೊಟ್ಟಗಾಗುತ್ತದೆ, ಬಣ್ಣ ಕಾಲಿಗಂಟುತ್ತದೆ. ಕಾರ್ಪೆಟ್ ಇರುವ ಹಾಲಿಗೆ, ಶೋ ನೋಡಲು ಹಾಕಿಕೊಳ್ಳಿ. ಡೆಕ್ಕಿಗೆ ಹತ್ತಬೇಡಿ.

ವಯಸ್ಸಾದವರು, ಶುಗರ್ ಇರುವವರು

ನಮ್ಮತ್ತೆಗೆ ಶುಗರ್ ಇದೆ. ಮನೆಯೊಳಗೂ ಎಂಸಿಆರ್ ಚಪ್ಪಲಿ, ಅಂದರೆ ಮೈಕ್ರೋಸೆಲ್ಯುಲರ್ ಅನ್ನುವ ಮೆತ್ತನೆ ರಬ್ಬರಿನದು. ಶುಗರ್ ಇರುವವರಲ್ಲಿ ಎಷ್ಟೋ ಜನಕ್ಕೆ ಪಾದದ ಸ್ಪರ್ಶ ಕಮ್ಮಿಯಾಗಿರುತ್ತದೆ, ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಡೆಕ್ ಕಾದು ಕೂತಿರುತ್ತದೆ. ಹಾಗಾಗಿ ಇವರು ಈಜುಕೊಳದ ಹತ್ತಿರವೂ, ಮರಳಿನ ಮೇಲೂ ಬರಿಗಾಲಲ್ಲಿ ಓಡಾಡಬಾರದು. ಎಂಸಿಆರ್ ಮೆತ್ತಗಿರುವುದು ಮೇಲಿನ ಪದರ. ಅಡಿಯ ಪದರ ಬೇರೆ, ಅದು ವರ್ಷ ಕಳೆದರೆ ನುಣ್ಣಗಾಗುತ್ತದೆ. ಹಿತ್ತಲ ಕಲ್ಲಿನ ಪರೀಕ್ಷೆ ಅದಕ್ಕೂ ಮಾಡಿ. ಹಿಂದೆ ಪಟ್ಟಿ ಇರುವ ಎಂಸಿಆರ್ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ರಾತ್ರಿ ಮಲಗುವ ಮುಂಚೆ ಮನೆಯವರು ಯಾರಾದರೂ ಅವರ ಅಂಗಾಲು, ಬೆರಳ ಸಂದಿ ಟಾರ್ಚ್ ಹಾಕಿ ನೋಡಿ. ಅತ್ತೆ ಕಾಲು ಹಿಡಿದು ಕೂರುವುದಕ್ಕೆ ಮೊದಲ ದಿನ ಅವರಿಗೇ ಮುಜುಗರ ಆಯಿತು, ಎರಡನೇ ದಿನ ತಾವೇ ಕಾಲು ಚಾಚಿದರು.

ಚೆನ್ನೈಯಿಂದ ಶ್ರೀಲಂಕಾ ಕಡೆ ಹೋಗುವವರಿಗೆ ಒಂದು ಮಾತು. ತ್ರಿಂಕೋಮಲಿಯ ಕೋಣೇಶ್ವರ ಥರದ ದೇವಸ್ಥಾನಗಳಿಗೆ ಹೋದರೆ ನಮ್ಮಲ್ಲಿಯ ಹಾಗೇ ಚಪ್ಪಲಿ ಹೊರಗೆ ಬಿಡಬೇಕು. ಅವತ್ತು ಲೇಸಿನ ಶೂ ಬೇಡ. ಬಿಸಿ ಕಲ್ಲಿಗೆ ಒಂದು ಜೊತೆ ದಪ್ಪ ಕಾಲುಚೀಲ ಕೈಚೀಲದಲ್ಲಿರಲಿ.

ಹೊಸದು ಕೊಳ್ಳುವುದಾದರೆ

ಸಾಯಂಕಾಲ ಬನ್ನಿ. ಬೆಳಿಗ್ಗೆಗಿಂತ ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಹಡಗಿನಲ್ಲಿ ಸೆಕೆ, ಉಪ್ಪಿನ ತಿಂಡಿ, ದಿನವೆಲ್ಲ ಓಡಾಟ, ಅಲ್ಲಿಯೂ ಊದುತ್ತದೆ. "ನಂದು ಏಳನೇ ನಂಬರು" ಅಂತ ಹೇಳಿ ಮಗನನ್ನು ಕಳಿಸಬೇಡಿ. ಒಂದು ಕಂಪನಿಯ ಏಳು ಇನ್ನೊಂದರ ಎಂಟು. ಎದ್ದು ನಿಂತು ಹಾಕಿ ನೋಡಿ, ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಎರಡು ಪಾದದಲ್ಲಿ ಯಾವುದು ದೊಡ್ಡದೋ ಅದರ ಅಳತೆಗೆ ಕೊಳ್ಳಿ.

ಹೊರಡುವ ವಾರದಲ್ಲಿ ಮಾತ್ರ ಹೊಸ ಜೋಡು ಕೊಳ್ಳಲೇಬೇಡಿ. ಚಪ್ಪಲಿ ಕಚ್ಚಿದರೆ ಇಡೀ ಟೂರ್ ರೂಮಿನಲ್ಲೇ. ಮೊದಲೇ ಕೊಂಡು, ಮನೆಯೊಳಗೆ ದಿನಾ ಒಂದು ಗಂಟೆ ಹಾಕಿ, ಆಮೇಲೆ ಒಂದು ದಿನ ಮೈಸೂರು ಝೂಗೆ ಹೋಗಿ. ತಮಾಷೆ ಮಾಡುತ್ತಿಲ್ಲ. 1892ರಿಂದ ಇರುವ ಝೂ, ಒಳಗೆ ಹೋದರೆ ಪೂರ್ತಿ ಸುತ್ತದೆ ಹೊರಗೆ ಬರಲಾಗುವುದಿಲ್ಲ. ಜಿರಾಫೆಯಿಂದ ಹಿಡಿದು ಕೊನೆಯ ಗೇಟಿನ ತನಕ ಕಾಲು ಸುಮ್ಮನಿದ್ದರೆ ಆ ಶೂ ಹಡಗಿಗೂ ಆಗುತ್ತದೆ. ಮಂಗಳವಾರ ರಜೆ, ಅವತ್ತು ಹೋಗಬೇಡಿ. ಎಲ್ಲಿ ಉರಿ ಅನ್ನಿಸಿತೋ ಅಲ್ಲಿ ಬೊಬ್ಬೆ ಏಳುವ ಮುಂಚೆಯೇ ಅಂಟುಪಟ್ಟಿ ಹಾಕಿ. ಆ ಜಾಗ ನೆನಪಿಟ್ಟುಕೊಂಡು ಹಡಗಿನಲ್ಲಿ ಶೂ ಹಾಕುವ ಮುಂಚೆಯೇ ಹಚ್ಚಿಕೊಳ್ಳಿ.

ಮಕ್ಕಳಿಗೆ ಎರಡೇ ಜೊತೆ. ಶೂ ಒಂದು, ಫ್ಲೋಟರ್ಸ್ ಒಂದು. ಲೈಟ್ ಹೊಳೆಯುವ ಶೂ ಕೇಳಿ ಅಳುತ್ತಾರೆ, ಅಳಲಿ.

ತುಂಬುವುದು

ಶೂ ಒಳಗಿನ ಜಾಗ ಖಾಲಿ ಬಿಡಬೇಡಿ. ಕಾಲುಚೀಲ, ಚಾರ್ಜರ್, ಒಳಬಟ್ಟೆ ಕವರ್ ಎಲ್ಲ ಅಲ್ಲಿಗೆ. ಇದರಿಂದ ಶೂವಿನ ಆಕಾರವೂ ಕೆಡುವುದಿಲ್ಲ. ಒಂದರ ಮೂತಿಗೆ ಇನ್ನೊಂದರ ಹಿಮ್ಮಡಿ ಬರುವ ಹಾಗೆ ಜೋಡಿಸಿ ಹಳೇ ದಿಂಬಿನ ಕವರಿಗೆ ಹಾಕಿ. ಪ್ಲಾಸ್ಟಿಕ್ ಕವರ್ ಹೋಗುವಾಗ ಪರವಾಗಿಲ್ಲ, ಬರುವಾಗ ಒದ್ದೆ ಇದ್ದರೆ ವಾಸನೆ ಬರುತ್ತದೆ. ಸೂಟ್‌ಕೇಸಿನಲ್ಲಿ ಚಕ್ರದ ಕಡೆ ಇಡಿ, ಎತ್ತಿ ನಿಲ್ಲಿಸಿದಾಗ ಭಾರ ಕೆಳಗಿರುತ್ತದೆ, ಬಟ್ಟೆ ಮೇಲೆ ಬೀಳುವುದಿಲ್ಲ.

ಫ್ಲೋಟರ್ಸನ್ನು ಮಾತ್ರ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಂದರಿನಲ್ಲಿ ದೊಡ್ಡ ಬ್ಯಾಗುಗಳನ್ನು ತೆಗೆದುಕೊಂಡು ಬಿಡುತ್ತಾರೆ, ಅವು ರೂಮಿನ ಮುಂದೆ ಬರುವುದು ಗಂಟೆಗಟ್ಟಲೆ ಆದ ಮೇಲೆ. ಅಷ್ಟರಲ್ಲಿ ಈಜುಕೊಳ ಕಂಡ ಮಕ್ಕಳನ್ನು ಹಿಡಿಯಲಾಗುವುದಿಲ್ಲ.

ಹಳೇ ಪ್ರಜಾವಾಣಿಯ ನಾಲ್ಕು ಹಾಳೆ ಸೂಟ್‌ಕೇಸಿನ ತಳದಲ್ಲಿ ಹಾಸಿ. ಒದ್ದೆ ಶೂ ಒಳಗೆ ತುರುಕಿದರೆ ಬೆಳಗಾಗುವಷ್ಟರಲ್ಲಿ ನೀರು ಹೀರಿರುತ್ತದೆ. ಕಿಟಕಿ ಇಲ್ಲದ ರೂಮಿನಲ್ಲಿ ಬೇರೆ ದಾರಿಯಿಲ್ಲ. ಹೇರ್ ಡ್ರೈಯರ್ ಹಿಡಿಯಬೇಡಿ, ಅಂಟು ಬಿಡುತ್ತದೆ. ಬಾಲ್ಕನಿ ಇದ್ದರೂ ಕಂಬಿಯ ಮೇಲೆ ಇಡಬೇಡಿ, ಗಾಳಿ ತೆಗೆದುಕೊಂಡು ಹೋಗುತ್ತದೆ. ರೂಮಿನ ಗೋಡೆ ಸಾಮಾನ್ಯವಾಗಿ ಉಕ್ಕಿನದು, ಆಯಸ್ಕಾಂತದ ಕೊಕ್ಕೆ ಅಂಟುತ್ತದೆ. ಎರಡು ಕೊಕ್ಕೆ ಒಯ್ದರೆ ಚಪ್ಪಲಿ ಚೀಲ ನೇತುಹಾಕಬಹುದು, ನೆಲ ಖಾಲಿ.

ಕೊನೆಯ ರಾತ್ರಿ ಕೆಲವು ಹಡಗುಗಳಲ್ಲಿ ಸೂಟ್‌ಕೇಸುಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಬೆಳಿಗ್ಗೆ ಬಂದರಿನಲ್ಲಿ ಕೊಡುತ್ತಾರೆ. ಎಲ್ಲ ನೀಟಾಗಿ ತುಂಬಿ, ಜಿಪ್ ಎಳೆದು, ಹೊರಗಿಟ್ಟು ಮಲಗುವ ಮುಂಚೆ ಕಾಲಿಗೆ ಒಂದು ಜೊತೆ ಉಳಿದಿದೆಯಾ ಅಂತ ನೋಡಿಕೊಳ್ಳಿ. ನಮ್ಮ ಪಕ್ಕದ ರೂಮಿನವರು ಸೂಟು ಬೂಟು ಎಲ್ಲ ಕಳಿಸಿ, ಬೆಳಿಗ್ಗೆ ಹೆಂಡತಿಯ ಗುಲಾಬಿ ಬಣ್ಣದ ಹವಾಯಿಯಲ್ಲಿ ಮುಂಬೈಗೆ ಇಳಿದರು.